ಕಡ್ಲೆಕಾಯಿ

ನಾಯಿ ಇವತ್ತು ಬರದೇ ಹೋದರೆ ಏನು ಗತಿ ಎಂಬ ಯೋಚನೆ ಮಲ್ಲೇಶ್ವರದ ಬಾಡಿಗೆ ಕೋಣೆಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುವಾಗಲೇ ಗೌರೀಶನನ್ನು ಹಿಡಿದಿತ್ತು. ಮೆಟ್ರೋ ಮೆಜೆಸ್ಟಿಕ್ ದಾಟಿ ಚಿಕ್ಕಪೇಟೆಯಲ್ಲಿ ನಿಂತು, ಬಟ್ಟೆಯ ಗಂಟು ಹಿಡಿದವರು ನುಗ್ಗಿ, ಬಾಗಿಲು ಮುಚ್ಚಿಕೊಳ್ಳುವ ಹೊತ್ತಿಗೆ ಅದು ಬೇರೆ ಯೋಚನೆಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅವನು ಹೊರಟಿದ್ದದ್ದು ಮಗಳನ್ನು ನೋಡಲು. ಎರಡನೇ ಮತ್ತು ನಾಲ್ಕನೇ ಶನಿವಾರ, ಸಂಜೆ ನಾಲ್ಕರಿಂದ ಆರು, ಬಸವನಗುಡಿಯ ಪಾರ್ಕಿನಲ್ಲಿ, ತಾಯಿಯ ಕಡೆಯವರೊಬ್ಬರ ಎದುರಿನಲ್ಲಿ ಎಂದು ಫ್ಯಾಮಿಲಿ ಕೋರ್ಟು ಹೇಳಿತ್ತು. ಆದರೆ ಎಂಟು ವರ್ಷದ ಹುಡುಗಿಯೊಂದಿಗೆ ಎರಡು ಗಂಟೆ ಏನು ಮಾತಾಡಬೇಕೆಂದು ಯಾವ ಕೋರ್ಟೂ ಹೇಳಿಕೊಡುವುದಿಲ್ಲ. ನಾಯಿ ಬಂದರೆ ಮಾತು ತಾನಾಗಿ ಬರುತ್ತದೆ. ಬರದಿದ್ದರೆ ಮತ್ತೆ ಅದೇ ಕಲ್ಲುಬೆಂಚು, ಅದೇ ‘ಸ್ಕೂಲ್ ಹೇಗಿದೆ’, ಅದೇ ‘ಚೆನ್ನಾಗಿದೆ’. ಎದುರು ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕೂತ ಮಗುವೊಂದು ಅವನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನೇ ನೋಡುತ್ತಿತ್ತು. ಅವನು ನಕ್ಕ. ತಾಯಿ ಮಗುವಿನ ತಲೆಯನ್ನು ಮೆಲ್ಲನೆ ತನ್ನ ಎದೆಯ ಕಡೆ ತಿರುಗಿಸಿಕೊಂಡಳು. ಅವಳಿಗೆ ಏನು ಗೊತ್ತಿರಲು ಸಾಧ್ಯ, ಬರೀ ನಿದ್ದೆ ಮಾಡಿಸಲಿಕ್ಕೆ ಇರಬಹುದು ಎಂದುಕೊಂಡರೂ, ಗೌರೀಶ ಪೊಟ್ಟಣವನ್ನು ಚೀಲದೊಳಕ್ಕೆ ತುರುಕಿ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನ್ಯಾಷನಲ್ ಕಾಲೇಜು ಬರುವವರೆಗೂ ತನ್ನ ಚಪ್ಪಲಿಗಳನ್ನೇ ನೋಡುತ್ತ ಕೂತ.

ಮೊದಮೊದಲು ಆ ಎರಡು ಗಂಟೆ ಎಷ್ಟು ಉದ್ದವಿತ್ತೆಂದರೆ, ಆರು ಹೊಡೆಯುವುದನ್ನು ಕಾಯುತ್ತಿದ್ದವರಲ್ಲಿ ತಾನೂ ಒಬ್ಬ ಎಂದು ಗೊತ್ತಾದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಗಿತ್ತು. ಮಗಳು ಯಶಶ್ರೀ ಬೆಂಚಿನ ಒಂದು ತುದಿ, ಅವನು ಇನ್ನೊಂದು ತುದಿ. ದೂರದ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಅವಳ ತಾತ ರಾಮಾಂಜಿನಪ್ಪನವರು, ಬಿಳಿ ಪಂಚೆಯನ್ನು ಮಂಡಿಯವರೆಗೆ ಎತ್ತಿಕೊಂಡು, ಫೋನಿನಲ್ಲಿ ಹೊಸಕೋಟೆ ಕಡೆಯ ಯಾವುದೋ ಜಮೀನಿನ ವ್ಯವಹಾರ ಮಾತಾಡುತ್ತ, ಮಾತಿನ ನಡುವೆ ಕಣ್ಣೆತ್ತಿ ಇವರನ್ನು ನೋಡಿ ಮತ್ತೆ ಮಾತಿಗೆ ಇಳಿಯುತ್ತಿದ್ದರು. ಗೌರೀಶ ಒಮ್ಮೆ ಗೊಂಬೆ ತಂದ. ‘ಥ್ಯಾಂಕ್ಸ್, ನಂಗೆ ಇದು ಚಿಕ್ಕದು’ ಎಂದಳು. ಜಾಮೂನು ತಂದರೆ ‘ನೀವು ತಿನ್ನಿ’ ಎಂದಳು. ನೀವು. ಮನೆಯಲ್ಲಿದ್ದಾಗ, ಮಾತು ಕಲಿಯುವ ವಯಸ್ಸಿನಲ್ಲಿ, ‘ನೀ ಬಾ’ ಎನ್ನುತ್ತಿದ್ದವಳು. ಕೋರ್ಟಿನಲ್ಲಿ ಅವಳ ತಾಯಿ ಬಿಂದುವಿನ ಲಾಯರು ಸಿಟ್ಟಿಲ್ಲದೆ, ಸಣ್ಣ ದನಿಯಲ್ಲಿ ಕೇಳಿದ್ದ: ಮಗಳ ಕ್ಲಾಸ್ ಟೀಚರ್ ಹೆಸರೇನು? ಯಾವ ತರಕಾರಿ ತಿನ್ನಲ್ಲ? ಯಾವ ಕೈಯಲ್ಲಿ ಬರೀತಾಳೆ? ಬಲಗೈ ಎಂದಿದ್ದ ಗೌರೀಶ. ಬಿಂದು ತಲೆ ಎತ್ತಿ ಅವನನ್ನು ನೋಡಿದ್ದಳು. ಅವಳ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ನಾಚಿಕೆ ಇತ್ತು, ಅವನ ಪರವಾಗಿ. ಅವನು ಕುಡುಕನಲ್ಲ, ಹೊಡೆಯುವವನಲ್ಲ. ಗಾಂಧಿನಗರದ ಸಿನಿಮಾ ವಿತರಕರ ಆಫೀಸೊಂದರಲ್ಲಿ, ಈಗ ಯಾರೂ ಬಾರದ ಆ ಎರಡನೇ ಮಹಡಿಯಲ್ಲಿ, ಹಳೇ ಪೋಸ್ಟರುಗಳ ನಡುವೆ ಮೇಜಿನ ಮುಂದೆ ಕೂತಿರುವುದು ಅವನ ಕೆಲಸ. ಮನೆಯಲ್ಲೂ ಅವನು ಹಾಗೇ ಕೂತಿದ್ದನಂತೆ, ವರ್ಷಗಟ್ಟಲೆ. ಹಾಗೆಂದು ಬಿಂದು ಹೇಳಿದ್ದಳು.

ನಾಯಿ ಬಂದದ್ದು ದೀಪಾವಳಿ ಕಳೆದ ಮೇಲೆ. ಗಾಂಧಿಬಜಾರಿನ ಕಡೆಯ ಗೇಟಿನಿಂದ ಬಂದು, ನೇರವಾಗಿ ಇವರ ಬೆಂಚಿನ ಬಳಿಗೇ ಬಂದು, ಇಬ್ಬರ ನಡುವಿನ ಆ ಖಾಲಿ ಜಾಗದ ಮುಂದೆ ನಿಂತುಬಿಟ್ಟಿತು. ಹೆಣ್ಣುನಾಯಿ, ಮಾಸಿದ ಕಂದು ಬಣ್ಣ, ಒಂದು ಕಿವಿಯ ತುದಿ ಯಾವುದೋ ಜಗಳದಲ್ಲಿ ಹರಿದಿತ್ತು. ಅವನು ಹೆದರಿ ಕಾಲು ಮೇಲೆತ್ತಿಕೊಂಡ. ಯಶಶ್ರೀ ಕೆಳಗಿಳಿದಳು.

“ಮುಟ್ಬೇಡ ಯಶು.”

“ಏನೂ ಮಾಡಲ್ಲ. ನೋಡಿ, ಬಾಲ ಅಲ್ಲಾಡಿಸ್ತಿದೆ.” ಆಮೇಲೆ ಅವನ ಕಡೆ ತಿರುಗಿ, ಇಷ್ಟು ಶನಿವಾರಗಳಲ್ಲಿ ಮೊದಲ ಬಾರಿಗೆ ತಾನಾಗಿ ಕೇಳಿದ ಪ್ರಶ್ನೆ: “ಇದಕ್ಕೆ ಹೆಸರಿದ್ಯಾ?”

“ನೀನೇ ಇಡು.”

ಅವಳು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿ, “ಕಡ್ಲೆಕಾಯಿ” ಎಂದಳು.

“ನಾಯಿಗೆ ಯಾರಾದ್ರೂ ಕಡ್ಲೆಕಾಯಿ ಅಂತ ಹೆಸರಿಡ್ತಾರಾ?”

“ಸಿಪ್ಪೆ ಕಲರ್ ಅಲ್ವಾ? ನೀವೇ ನೋಡಿ.”

ಅವನು ‘ಸಿಟ್’ ಎಂದ. ನಾಯಿ ನಿಂತೇ ಇತ್ತು. “ಅದಕ್ಕೆ ಇಂಗ್ಲಿಷ್ ಬರಲ್ಲ, ಬಸವನಗುಡಿ ನಾಯಿ ಅದು. ಕನ್ನಡದಲ್ಲಿ ಹೇಳಿ” ಎಂದಳು ಮಗಳು. ಗೌರೀಶ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ದೊಡ್ಡ ಮನುಷ್ಯರ ಮನೆಗೆ ಬಂದ ನೆಂಟರಿಗೆ ಹೇಳುವಂತೆ, “ಕೂತ್ಕೊಳಮ್ಮ” ಎಂದ. ಆ ಕ್ಷಣಕ್ಕೇ ನಾಯಿಗೆ ಕಿವಿಯ ಹಿಂದೆ ತುರಿಕೆ ಬಂದಿರಬೇಕು, ದೊಪ್ಪನೆ ಕೂತು ಹಿಂಗಾಲಿನಿಂದ ಕೆರೆದುಕೊಳ್ಳತೊಡಗಿತು. ಯಶಶ್ರೀ ನಕ್ಕಳು. ನಗುತ್ತ ಹುಲ್ಲಿನ ಮೇಲೆ ಬಿದ್ದಳು. ಮುಂದಿನ ಹಲ್ಲೊಂದು ಬಿದ್ದು ಹೋಗಿತ್ತು, ಅದು ಅವನಿಗೆ ಗೊತ್ತಾದದ್ದೇ ಆಗ. ಇಷ್ಟು ದಿನ ಬಾಯಿ ಮುಚ್ಚಿಯೇ ಮಾತಾಡುತ್ತಿದ್ದದ್ದು ಅದನ್ನು ಮುಚ್ಚಿಡಲಿಕ್ಕೇ ಇರಬಹುದೆ? ಹೊಂಗೆ ಮರದ ಕೆಳಗೆ ರಾಮಾಂಜಿನಪ್ಪನವರು ಫೋನನ್ನು ಕಿವಿಯಿಂದ ತೆಗೆದು ನೋಡುತ್ತ ನಿಂತಿದ್ದರು.

ಅಲ್ಲಿಂದ ಮುಂದೆ ಶನಿವಾರಗಳು ಬೇರೆಯಾದವು. ನಾಯಿಯನ್ನು ನೋಡುವ ನೆಪದಲ್ಲಿ ಅವನು ಮಗಳನ್ನು ನೋಡುವುದನ್ನು ಕಲಿತ. ಅವಳು ಎಡಗೈಯಲ್ಲಿ ಬಿಸ್ಕತ್ತು ಮುರಿಯುತ್ತಾಳೆ. ಸುಳ್ಳು ಹೇಳುವಾಗ ಮೂಗಿನ ತುದಿ ಉಜ್ಜಿಕೊಳ್ಳುತ್ತಾಳೆ. ನಾಯಿಗೆ ಕಥೆ ಹೇಳುವಾಗ ಅದರ ಹರಿದ ಕಿವಿಯ ಕಡೆಯಲ್ಲೇ ಕೂತು ಹೇಳುತ್ತಾಳೆ, ಅದಕ್ಕೆ ಆ ಕಡೆ ಕಡಿಮೆ ಕೇಳಿಸುತ್ತದೆಂದು ಅವಳ ಲೆಕ್ಕ. ಒಂದು ಸಂಜೆ ಅವಳು ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು, ನಾಯಿ ಅವಳ ಹೊಟ್ಟೆಯ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿತ್ತು, ಅವಳ ಉಸಿರಿಗೆ ನಾಯಿಯ ತಲೆ ಏರಿ ಇಳಿಯುತ್ತಿತ್ತು; ಗೌರೀಶನಿಗೆ ತನ್ನ ಕೈಯೂ ಆ ನಾಯಿಯ ಬೆನ್ನ ಮೇಲಿರುವುದು, ಆ ಬೆನ್ನಿನ ಬಿಸಿಯ ಮೂಲಕ ಮಗಳ ಉಸಿರು ತನ್ನ ಅಂಗೈಗೆ ಬರುತ್ತಿರುವುದು ಅರಿವಾಗಿ, ಆರು ಗಂಟೆ ಆಗದಿರಲಿ ಎಂದು ಯಾರನ್ನೋ ಬೇಡಿಕೊಂಡಿದ್ದ. ಅಷ್ಟು ಸುಖ ಅವನಿಗೆ ಅಭ್ಯಾಸವಿರಲಿಲ್ಲ. ಅದಕ್ಕೇ ಭಯ ಶುರುವಾಯಿತು. ನಾಯಿ ಬೇರೆ ಬೀದಿಗೆ ಹೋದರೆ? ಬೇರೆಯವರು ಅನ್ನ ಹಾಕಿದರೆ? ಮಧ್ಯದ ದಿನಗಳಲ್ಲಿ ಆಫೀಸಿನಿಂದ ಮಧ್ಯಾಹ್ನವೇ ಎದ್ದು, ಮೆಟ್ರೋ ಹತ್ತಿ ಬಂದು, ನಾಯಿಗೆ ಬಿಸ್ಕತ್ತು ಹಾಕಿ ಹೋಗತೊಡಗಿದ. ಲಂಚ ಕೊಡುತ್ತಿದ್ದೇನೆ ಎಂದು ಗೊತ್ತಿತ್ತು. ಆದರೆ ಬರಬರುತ್ತ ನಾಯಿ ಗೇಟಿನ ಬಳಿ ಅವನ ಹೆಜ್ಜೆ ಕೇಳಿಯೇ ಓಡಿಬರುವುದು, ಮೊಣಕಾಲಿಗೆ ಮೈ ಒರಗಿಸಿ ಸುಮ್ಮನೆ ನಿಲ್ಲುವುದು, ಲಂಚಕ್ಕೆ ಸಿಗುವಂಥದ್ದಾಗಿ ಉಳಿಯಲಿಲ್ಲ. ಈಚೆಗೆ ಅದಕ್ಕೆ ಹೊಟ್ಟೆ ಬಂದಿತ್ತು. ತನ್ನ ಬಿಸ್ಕತ್ತಿನಿಂದ ದಪ್ಪಗಾಗಿದೆ ಎಂದು ಅವನು ಹೆಮ್ಮೆಪಟ್ಟಿದ್ದ.

ಈ ಶನಿವಾರ ನಾಯಿ ಬಂತು, ಆದರೆ ತಡವಾಗಿ. ಅಷ್ಟರಲ್ಲಿ ಇನ್ನೊಂದು ಆಶ್ಚರ್ಯ ನಡೆದಿತ್ತು. ರಾಮಾಂಜಿನಪ್ಪನವರು ತಾವಾಗಿ ಇವರ ಬೆಂಚಿನ ಹತ್ತಿರ ಬಂದು, “ನಾನು ಗಾಂಧಿಬಜಾರ್ ತಾವ ಹೋಗಿ ಒಂದು ಕಾಫಿ ಕುಡ್ಕಂಡು ಬತ್ತೀನಿ ಕಣಪ್ಪ. ಮಗು ಉಸಾರು” ಎಂದು ಹೇಳಿ ಹೋಗಿದ್ದರು. ಮಗಳನ್ನು ತನ್ನ ಕೈಗೆ ಬಿಟ್ಟು ಹೋದರು ಎಂಬ ಸಂತೋಷ ಅವನ ಮೈಯಲ್ಲಿ ಇನ್ನೂ ಹರಿಯುತ್ತಿರುವಾಗ, ಪೊದೆಗಳ ಸಂದಿಯಿಂದ ನಾಯಿ ಬಂದು ಬಿಸ್ಕತ್ತನ್ನು ಅಗಿಯದೇ ನುಂಗತೊಡಗಿತು. ಹೊಟ್ಟೆ ಇಳಿದುಹೋಗಿತ್ತು, ಪಕ್ಕೆಲುಬು ಕಾಣುತ್ತಿತ್ತು. ತಿಂದು ಮುಗಿಸಿ ತಿರುಗಿಯೂ ನೋಡದೆ ಹೊರಟಿತು. “ಎಲ್ಲಿಗೆ ಹೋಗ್ತೀಯಾ, ಈಗ ತಾನೆ ಬಂದೆ” ಎಂದು ಯಶಶ್ರೀ ಓಡಿ ಅದರ ಕುತ್ತಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ನಾಯಿ ಕೊಸರಿತು. ಅವಳು ಇನ್ನೂ ಬಿಗಿಯಾಗಿ ಹಿಡಿದಳು. ಬಿಡು ಎಂದು ಗೌರೀಶ ಹೇಳಬೇಕೆಂದಿದ್ದ, ಹೇಳಲಿಲ್ಲ. ನಾಯಿ ನಿಲ್ಲಲಿ ಎಂಬ ಆಸೆ ಅವನಿಗೂ ಇತ್ತು. ಆಮೇಲೆ ಒಂದು ಗುರ್ರೆಂಬ ಸದ್ದು, ಮಗಳ ಕಿರುಚು, ಪೊದೆಗಳಲ್ಲಿ ಮರೆಯಾದ ಬಾಲ.

ಎಡಗೈಯ ಮೊಣಕೈ ಕೆಳಗೆ ಎರಡು ತೂತು. ರಕ್ತ ಮೊದಲು ಬರಲಿಲ್ಲ, ಯೋಚಿಸಿ ಬಂದಂತೆ ಬಂತು. ಅವನು ಅವಳನ್ನು ಎತ್ತಿಕೊಂಡು ಪಾರ್ಕಿನ ನಲ್ಲಿಯ ಕಡೆ ಓಡಿದ. ಅವಳನ್ನು ಎತ್ತಿಕೊಂಡು ನಾಲ್ಕು ವರ್ಷವಾಗಿತ್ತು. ಇಷ್ಟು ಭಾರವಾಗಿದ್ದಾಳಲ್ಲ ಎಂಬುದು ಆ ಗಾಬರಿಯ ನಡುವೆಯೂ ಅವನಿಗೆ ಹೊಳೆಯಿತು, ಅದು ಸಂತೋಷದಂತೆ ಹೊಳೆಯಿತು. ನೀರಿನ ಕೆಳಗೆ ಕೈ ಹಿಡಿದ. ಸೋಪಿರಲಿಲ್ಲ. ಕರ್ಚೀಫು ಸುತ್ತಿ ಗಂಟು ಹಾಕುವಾಗ ಅವಳು ಬಿಕ್ಕುತ್ತ ಅವನ ಕಾಲರನ್ನು ಹಿಡಿದುಕೊಂಡಳು.

“ಅಪ್ಪಾ, ಹೇಳ್ಬೇಡ.”

ಅವನು ಗಂಟು ಹಾಕುವುದನ್ನು ನಿಲ್ಲಿಸಿದ.

“ತಾತಂಗೆ ಹೇಳ್ಬೇಡಪ್ಪಾ ನೀನು. ಕಡ್ಲೆಕಾಯಿನ ಹಿಡ್ಕೊಂಡು ಹೋಗ್ತಾರೆ. ಅಮ್ಮ ನನ್ನನ್ನ ಇಲ್ಲಿಗೆ ಕಳ್ಸೋದೇ ಇಲ್ಲ. ಬಿದ್ದೆ ಅಂತ ಹೇಳ್ತೀನಿ.”

“ಆಸ್ಪತ್ರೆಗೆ ಹೋಗ್ಬೇಕಲ್ಲ ಯಶು…”

“ಪ್ರಾಮಿಸ್ ಮಾಡು.”

ನೀನು ಎಂದಳು. ಅಪ್ಪಾ ಎಂದಳು. ಅವಳ ಉಸಿರು ಬಿಸ್ಕತ್ತಿನ ವಾಸನೆಯದಾಗಿತ್ತು, ಕಾಲರು ಹಿಡಿದ ಬೆರಳುಗಳು ಒದ್ದೆ. ಆ ಕ್ಷಣದಲ್ಲಿ ತಾನು ಯೋಚಿಸಿದ್ದೇನು ಎಂದು ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಗೌರೀಶನಿಗೆ ಒಂದೇ ಉತ್ತರ ಸಿಗುತ್ತಿತ್ತು: ಏನನ್ನೂ ಯೋಚಿಸಿರಲಿಲ್ಲ. “ಪ್ರಾಮಿಸ್” ಎಂದ.

ಕಾಫಿ ಕುಡಿದು ಬಂದ ರಾಮಾಂಜಿನಪ್ಪನವರು ಕರ್ಚೀಫು ನೋಡಿ ನಿಂತರು. ಕಲ್ಲಿನ ಮೇಲೆ ಬಿದ್ದಳು ಎಂದು ಗೌರೀಶ ಹೇಳಿದ. “ಅಂಗಾ ಪುಟ್ಟಿ?” ಎಂದು ಅವರು ಕೇಳಿದರೆ ಯಶಶ್ರೀ ಮೂಗು ಉಜ್ಜಿಕೊಂಡು ತಲೆಯಾಡಿಸಿದಳು. ಬೈಗುಳಕ್ಕಾಗಿ ಅವನು ಕಾದ. ಮುದುಕರು ಅವನ ಭುಜದ ಮೇಲೆ ಕೈಯಿಟ್ಟು, “ಮಕ್ಕಳು ಆಡ್ವಾಗ ಬೀಳ್ತವೆ ಬಿಡಪ್ಪ, ಅದಕ್ಯಾಕೆ ಅಂಗೆ ಬೆವರ್ತಿದೀಯ” ಎಂದರು. ಆ ಕೈ ಎತ್ತಿದ ಮೇಲೂ ಭುಜ ಉರಿಯುತ್ತಿತ್ತು.

ಮೆಟ್ರೋದಲ್ಲಿ ವಾಪಸು ಬರುವಾಗ ಅವನ ಕಿವಿಯಲ್ಲಿದ್ದದ್ದು ಆ ‘ಅಪ್ಪಾ’ ಮಾತ್ರ. ಇಬ್ಬರ ನಡುವೆ ಈಗ ಯಾರಿಗೂ ಗೊತ್ತಿಲ್ಲದ ಒಂದು ಮಾತಿತ್ತು. ತಟ್ಟೆಯಲ್ಲಿ ಅನ್ನ ಕಲಸಿಕೊಳ್ಳುವಾಗಲೂ ಮುಗುಳ್ನಗೆ ಬರುತ್ತಿತ್ತು. ಮರುದಿನ ಬೆಳಿಗ್ಗೆ, ಹಲ್ಲುಜ್ಜುವಾಗ, ಕನ್ನಡಿಯಲ್ಲಿ ತನ್ನ ಬಾಯಿಯ ನೊರೆ ನೋಡಿದ್ದೇ ಕೈ ನಿಂತಿತು. ಫೋನು ತೆಗೆದು ಓದಿದ. ಕೂಡಲೇ ಚುಚ್ಚುಮದ್ದು ಶುರುಮಾಡಬೇಕು, ಹುಚ್ಚುನಾಯಿ ರೋಗ ಕಾಣಿಸಿಕೊಂಡರೆ ಮತ್ತೆ ಮದ್ದಿಲ್ಲ ಎಂದಿತ್ತು. ಇನ್ನೂ ಕೆಳಗೆ, ಕಚ್ಚಿದ ನಾಯಿಯ ಮೇಲೆ ಕಣ್ಣಿಡಿ, ಅದು ಹತ್ತು ದಿನ ಆರೋಗ್ಯವಾಗಿದ್ದರೆ ಹೆದರಬೇಕಿಲ್ಲ ಎಂದಿತ್ತು. ಮೊದಲನೆಯದನ್ನು ಅವನ ಕಣ್ಣು ಓದಿತು, ಎರಡನೆಯದನ್ನು ಮನಸ್ಸು ಹಿಡಿದುಕೊಂಡಿತು. ಬಿಂದುವಿನ ನಂಬರು ತೆಗೆದ, ನೋಡಿದ, ಫೋನು ಜೇಬಿಗಿಟ್ಟುಕೊಂಡು ಬಸವನಗುಡಿಗೆ ಹೊರಟ. ನಾಯಿಯನ್ನು ನೋಡಿಬಿಡೋಣ. ಅದು ಚೆನ್ನಾಗಿದ್ದರೆ ಆಮೇಲೆ ಯೋಚಿಸೋಣ.

ಭಾನುವಾರದ ಪಾರ್ಕು ತುಂಬಿತ್ತು. ಬೆಂಚಿನ ಬಳಿ ನಾಯಿಯಿಲ್ಲ. ಕಡ್ಲೆಕಾಯಿ ಎಂದು ಕೂಗುತ್ತ ಪೊದೆಗಳಲ್ಲಿ ಬಗ್ಗಿ ನೋಡುವ ನಡುವಯಸ್ಸಿನವನನ್ನು ವಾಕಿಂಗಿನವರು ತಿರುತಿರುಗಿ ನೋಡಿದರು. ಒಬ್ಬರು, “ಕಡ್ಲೆಕಾಯಿ ಹೊರಗೆ ಗೇಟ್ ಹತ್ರ ಸಿಗುತ್ತೆ ಸಾರ್” ಎಂದೂ ಹೇಳಿದರು. ಪಂಪ್‌ಹೌಸಿನ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸಿದ ಕಡೆ, ಸಣ್ಣಗೆ ಕುಂಯ್‌ಗುಟ್ಟುವುದು ಕೇಳಿತು. ಒಣಗಿದ ಎಲೆಗಳ ಮೇಲೆ ನಾಯಿ ಒಂದು ಮಗ್ಗುಲಾಗಿ ಮಲಗಿತ್ತು, ಹೊಟ್ಟೆಗೆ ಕಚ್ಚಿಕೊಂಡು ನಾಲ್ಕು ಮರಿಗಳು, ಇನ್ನೂ ಕಣ್ಣು ಬಿಡದವು. ಅವನನ್ನು ಕಂಡು ಗುರುಗುಟ್ಟಿ, ಗುರುತು ಸಿಕ್ಕಿ, ಬಾಲವನ್ನು ಎಲೆಗಳ ಮೇಲೆ ಎರಡು ಸಲ ಬಡಿಯಿತು. ಗೌರೀಶ ಅಲ್ಲೇ ಎಲೆಗಳ ಮೇಲೆ ಕೂತ. ಬಸುರಿಯಾಗಿದ್ದದ್ದನ್ನು ತಾನು ದಪ್ಪಗಾಗಿದೆ ಎಂದುಕೊಂಡಿದ್ದ. ಮರಿಗಳು ಹಸಿದಿದ್ದವು, ಅದಕ್ಕೆ ಅವಸರ ಪಟ್ಟಿತು. ಯಶು ತಡೆದಳು, ಅದಕ್ಕೆ ಕಚ್ಚಿತು. ತಾಯಿ ಕಚ್ಚುವ ಕಚ್ಚು ಅದು. ಹುಚ್ಚಿಲ್ಲ, ಏನಿಲ್ಲ. ಭಯವೆಲ್ಲ ಕಣ್ಣೀರಾಗಿ ಇಳಿಯಿತು, ನಗುವೂ ಬಂತು. ದಿನಾ ಬರುತ್ತೇನೆ, ನೋಡಿಕೊಳ್ಳುತ್ತೇನೆ, ಹತ್ತು ದಿನ ಎಷ್ಟರದು? ಯಾರಿಗೂ ಹೇಳುವ ಅಗತ್ಯವೇ ಬರುವುದಿಲ್ಲ.

ಅವನ ಬದುಕಿನಲ್ಲಿ ಅಷ್ಟು ಸುಖದ ದಿನ ಇನ್ನೊಂದಿರಲಿಲ್ಲವೇನೋ. ಹಾಲಿನ ಬೂತಿನಿಂದ ಹಾಲು ತಂದು ತೆಂಗಿನ ಚಿಪ್ಪಿಗೆ ಹುಯ್ದ. ನಾಯಿ ಕುಡಿದು ಅವನ ಬೆರಳು ನೆಕ್ಕಿತು. ಮರಿಯೊಂದನ್ನು ಎತ್ತಿಕೊಳ್ಳಲೂ ಬಿಟ್ಟಿತು. ಮೂರು ಕಾಲು ಬಿಳಿ, ಒಂದು ಕಾಲು ಕಂದು, ಅಂಗೈಯಷ್ಟೇ ಇದ್ದ ಆ ಬಿಸಿ ಜೀವ ಆಕಳಿಸಿ ಅವನ ಹೆಬ್ಬೆರಳನ್ನು ಚೀಪಿತು. ಮುಂದಿನ ಭೇಟಿಯ ಶನಿವಾರದ ಹೊತ್ತಿಗೆ ಕಣ್ಣು ಬಿಟ್ಟಿರುತ್ತವೆ. ಯಶುವಿನ ಕಣ್ಣು ಮುಚ್ಚಿ ಕರೆದುಕೊಂಡು ಬಂದು ಇಲ್ಲಿ ನಿಲ್ಲಿಸಿ ಕೈ ತೆಗೆಯುತ್ತೇನೆ. ಅವಳು ಕೂಗುವ ಕೂಗು ಈಗಲೇ ಕೇಳಿಸಿತು. ಮಧ್ಯೆ ಮಧ್ಯೆ ಆ ಎರಡು ತೂತು ನೆನಪಾಗುತ್ತಿದ್ದವು, ಚಾಮರಾಜಪೇಟೆಯ ತಾತನ ಮನೆಯಲ್ಲಿ ಈಗ ಅವಳಿಗೆ ಜ್ವರ ಬಂದಿರಬಹುದೆ ಎಂದು ಒಂದು ಸಲ ಅನ್ನಿಸಿತು. ಆಗೆಲ್ಲ ಅವನು ನಾಯಿಯ ಮುಖ ನೋಡುತ್ತಿದ್ದ. ಬಾಯಲ್ಲಿ ಜೊಲ್ಲಿಲ್ಲ, ಕಣ್ಣು ತಿಳಿಯಾಗಿದೆ. ಮಗಳ ಪ್ರಾಣವನ್ನು ಒಂದು ಬೀದಿನಾಯಿಯ ಕಣ್ಣಿನ ತಿಳಿಗೆ ಒತ್ತೆಯಿಟ್ಟು ಕೂತಿದ್ದೇನೆ ಎಂದು ಆಗ ಅವನಿಗೆ ಅನ್ನಿಸಲಿಲ್ಲ, ಅನ್ನಿಸಬಹುದಾದ ಜಾಗದ ಸುತ್ತಲೂ ಮನಸ್ಸು ನಯವಾಗಿ ನಡೆದುಹೋಗುತ್ತಿತ್ತು.

ಸಂಜೆ ಐದರ ಸುಮಾರಿಗೆ ಎದ್ದಾಗ ನಾಯಿಯೂ ಎದ್ದಿತು. ಗೇಟಿನವರೆಗೆ ಬಂತು. ಗೇಟಿನ ಆಚೆಗೂ ಬಂತು. ಹೋಗು, ಮರಿಗಳ ಹತ್ತಿರ ಹೋಗು ಎನ್ನಬೇಕಿತ್ತು. ತನ್ನನ್ನು ಯಾರೋ ಬೀಳ್ಕೊಡಲು ಬರುತ್ತಿದ್ದಾರೆ ಎಂಬ ಹಿಗ್ಗು ಅವನನ್ನು ಮೂಕನನ್ನಾಗಿ ಮಾಡಿತು. ವಾಣಿವಿಲಾಸ ರಸ್ತೆ ದಾಟಿ ಮೆಟ್ರೋ ಕಡೆ ಹೊರಟವನು ಹಿಂತಿರುಗಿ ನೋಡಿದರೆ ಅದು ಆ ಬದಿಯ ಫುಟ್‌ಪಾತಿನಲ್ಲಿ ನಿಂತು ಇವನನ್ನೇ ನೋಡುತ್ತಿದೆ. “ಕಡ್ಲೆಕಾಯಿ!” ಎಂದ ಗೌರೀಶ. ವಿದಾಯ ಹೇಳುವಂತೆ, ಪ್ರೀತಿಯಿಂದ, ಕೈ ಎತ್ತಿ ಎಂದ. ನಾಯಿಗೆ ಅದು ಕರೆದಂತೆ ಕೇಳಿಸಿತು.

ರಸ್ತೆಗಿಳಿದ ಅದಕ್ಕೆ ಬಡಿದ ಬಿಳಿ ಕಾರು ನಿಲ್ಲಲೂ ಇಲ್ಲ. ಆಟೋದವನೊಬ್ಬ ನಿಲ್ಲಿಸಿ ಇಳಿದು, ನಾಯಿಯ ಎರಡು ಕಾಲು ಹಿಡಿದು ರಸ್ತೆಯ ಅಂಚಿಗೆ ಎಳೆದು ಹಾಕಿದ. ಅದರ ಮೊಲೆಗಳಿಂದ ಹಾಲು ಸೋರಿ ಡಾಂಬರಿನ ಮೇಲೆ ಸಣ್ಣ ಗೆರೆಯಾಗಿತ್ತು. “ನಿಮ್ ನಾಯಿನಾ ಸಾರ್?” ಎಂದು ಕೇಳಿದ.

“ಅಲ್ಲ” ಎಂದ ಗೌರೀಶ. “ನಂದಲ್ಲ.”

ಮೆಟ್ರೋ ಮೆಟ್ಟಿಲವರೆಗೆ ನಡೆದ. ಅಲ್ಲಿ ಕಂಬಿ ಹಿಡಿದು ನಿಂತಾಗ, ಇನ್ನು ಹತ್ತು ದಿನ ನೋಡಲು ನಾಯಿಯೇ ಇಲ್ಲ ಎಂಬುದು ಅವನಿಗೆ ತಿಳಿಯಿತು. ಅದಕ್ಕೆ ರೋಗವಿತ್ತೋ ಇಲ್ಲವೋ, ಇನ್ನು ಯಾರೂ ಹೇಳಲಾರರು. ತಿರುಗಿ ಚಾಮರಾಜಪೇಟೆಯ ಕಡೆ ನಡೆಯತೊಡಗಿದ, ನಡೆಯುತ್ತಿದ್ದವನು ಓಡತೊಡಗಿದ.

ಬಾಗಿಲು ತೆರೆದವಳು ಬಿಂದು. ಹಿಂದೆ ನಡುಮನೆಯಲ್ಲಿ ಯಶಶ್ರೀ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು, ತೋಳಿನ ಮೇಲೆ ಸಣ್ಣ ಪ್ಲಾಸ್ಟರು. ಅವನನ್ನು ಕಂಡು ಅವಳ ಮುಖ ಅರಳಿತು. ಅರಳಿದ್ದನ್ನು ಅವನು ನೋಡಿದ. ಆಮೇಲೆ ಹೇಳಿದ. ಚಪ್ಪಲಿ ಬಿಡದೆ, ಹೊಸ್ತಿಲಾಚೆಯೇ ನಿಂತು, ನಾಯಿ ಕಚ್ಚಿದ್ದು ಎಂದ, ಬಿದ್ದದ್ದಲ್ಲ ಎಂದ.

“ಯಾವಾಗ?”

“ನಿನ್ನೆ.”

“ನಿನ್ನೆ ಕಚ್ಚಿದ್ದನ್ನ ಇವತ್ತು ಸಾಯಂಕಾಲ ಹೇಳ್ತಿದೀಯಾ?” ಬಿಂದುವಿನ ದನಿ ಏರಲಿಲ್ಲ. “ಮನುಷ್ಯನಾ ನೀನು?”

ಒಳಗಿನಿಂದ ಬಂದ ರಾಮಾಂಜಿನಪ್ಪನವರು ಕಾರಿನ ಬೀಗದಕೈ ಹುಡುಕುತ್ತ, ಅವನನ್ನು ನೋಡಬಾರದೆಂದು ನಿಶ್ಚಯಿಸಿದವರಂತೆ ಪಕ್ಕದಿಂದ ದಾಟಿ ಹೋದರು. ಯಶಶ್ರೀ ಅಳಲಿಲ್ಲ. ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಎದ್ದು ಚಪ್ಪಲಿ ಹಾಕಿಕೊಂಡಳು. ಕಾರಿನಲ್ಲಿ ಅವನಿಗೆ ಜಾಗವಿದೆ ಎಂದು ಯಾರೂ ಹೇಳಲಿಲ್ಲ. ಆಟೋ ಹಿಡಿದು ಹಿಂದೆ ಹೋದ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪರದೆಯ ಆಚೆ ಅವಳು ಕಿರುಚುವುದು ಕೇಳಿಸುತ್ತಿತ್ತು. ಗಾಯದ ಸುತ್ತಲೇ ಸೂಜಿ ಚುಚ್ಚಬೇಕು, ಒಂದಲ್ಲ. ಪರದೆ ಸರಿಸಿ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೊರಗೆ ನೋಡಿ ಕೇಳಿದರು: “ನಾಯಿ ನೋಡಿರೋರು ಯಾರು? ಇಲ್ಲಿ ಬನ್ನಿ. ಅದು ಈಗ ಎಲ್ಲಿದೆ? ಅದನ್ನ ಅಬ್ಸರ್ವ್ ಮಾಡಬಹುದಾ?”

ಗೌರೀಶ ಒಳಗೆ ಹೋದ. ಮಗಳು ಬಿಂದುವಿನ ಸೊಂಟಕ್ಕೆ ಮುಖ ಒತ್ತಿಕೊಂಡಿದ್ದಳು. ಇವಳಿಗೆ ಕೇಳಿಸದಂತೆ ಹೇಳಲು ಒಂದು ದಾರಿಯಿದ್ದೀತು ಎಂದು ಅವನು ಡಾಕ್ಟರ ಕಡೆ ಬಗ್ಗಿದ. “ಜೋರಾಗಿ ಹೇಳಿ” ಎಂದರು ಅವರು.

“ಸತ್ತೋಯ್ತು ಮೇಡಂ. ಗಾಡಿಗೆ ಸಿಕ್ಕಿ.”

ಕಿರುಚು ನಿಂತಿತು. ಯಶಶ್ರೀ ಮುಖ ಹೊರಗೆ ತೆಗೆದು ಅವನನ್ನು ನೋಡಿದಳು. ಆ ನೋಟವನ್ನು ತಡೆಯಲಾರದೆ ಗೌರೀಶ, ಕೊಡಲು ಕೈಯಲ್ಲಿ ಇನ್ನೇನೂ ಇಲ್ಲದವನು, ಬಾಯಿಗೆ ಬಂದದ್ದನ್ನು ಕೊಟ್ಟ: “ಮರಿ ಹಾಕಿತ್ತು ಯಶು. ನಾಲ್ಕು ಮರಿ. ಒಂದಕ್ಕೆ ಮೂರು ಕಾಲು ಬಿಳಿ.” ಹೇಳುತ್ತಿರುವಾಗಲೇ ಇದೂ ಅದೇ ಲಂಚದ ಬಿಸ್ಕತ್ತು ಎಂದು ಅವನಿಗೆ ಗೊತ್ತಾಯಿತು.

“ಅವುಕ್ಕೆ ಹಾಲು ಯಾರು ಕೊಡ್ತಾರೆ?” ಎಂದಳು ಮಗಳು.

“ಸಾಕು” ಎಂದಳು ಬಿಂದು. “ಹೊರಗೆ ಹೋಗು. ಇನ್ಮೇಲೆ ಏನಿದ್ರೂ ಕೋರ್ಟಲ್ಲಿ.”

ಪಾರ್ಕಿನ ಗೇಟು ಹಾಕುವ ಮುಂಚೆ ಅವನು ತಲುಪಿದ. ಪಂಪ್‌ಹೌಸಿನ ಹಿಂದೆ ಮರಿಗಳು ಒಂದರ ಮೇಲೊಂದು ಹತ್ತಿಕೊಂಡು ಅಳುತ್ತಿದ್ದವು. ಎತ್ತಿ ಶರ್ಟಿನೊಳಕ್ಕೆ ಹಾಕಿಕೊಂಡ. ಕಣ್ಣಿಲ್ಲದ ನಾಲ್ಕು ಮುಖಗಳು ಅವನ ಎದೆ, ಹೊಟ್ಟೆಗಳನ್ನೆಲ್ಲ ತಡವಿ, ತಳ್ಳಿ, ಹುಡುಕಿ, ಸಿಕ್ಕ ಚರ್ಮವನ್ನೇ ಚೀಪಿದವು. ಮಲ್ಲೇಶ್ವರದ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಹಳೇ ಟವೆಲು ಹಾಸಿದ. ಕೆಳಗಿನ ಮನೆಯ ಅಕ್ಕಯಮ್ಮ, ಮನೆಯ ಒಡತಿ, ಮೂಗು ಮುಚ್ಚಿಕೊಂಡು ಬಂದು ನೋಡಿ, “ಎಷ್ಟು ದಿನಾಂತ ಇಟ್ಕೊಳ್ತೀರಿ? ತಾಯಿ ಇಲ್ದೆ ಬದುಕ್ತವೇನ್ರಿ?” ಎಂದು ಕೇಳಿ, ಆದರೂ ಒಂದು ಹಳೇ ಕಂಬಳಿ ಕೊಟ್ಟು ಹೋದರು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿದ. ಆಫೀಸಿಗೆ ರಜೆ ಹಾಕಿದ. ಅಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಹಸುವಿನ ಹಾಲು ಒಗ್ಗುವುದಿಲ್ಲ ಎಂದು ಪಶುವೈದ್ಯರು ಬೇರೆ ಪುಡಿ ಬರೆದುಕೊಟ್ಟರು, ಅಷ್ಟರಲ್ಲಿ ಎರಡು ತಣ್ಣಗಾಗಿದ್ದವು. ಮೂರನೆಯದು ನಿದ್ದೆಯಲ್ಲಿ ನಾಲಿಗೆ ಹೊರಗಿಟ್ಟುಕೊಂಡು ಮಲಗುತ್ತಿತ್ತು, ಹಾಗೇ ಹೋಯಿತು. ಬಿಳಿ ಕಾಲಿನದು ಉಳಿಯುವಂತೆ ಕಂಡಿತು. ಒಂದು ಬೆಳಿಗ್ಗೆ ಅದು ಕಣ್ಣು ಬಿಟ್ಟಿತ್ತು, ಮಸುಕು ನೀಲಿ ಕಣ್ಣು, ಆ ಕಣ್ಣು ಲೋಕದಲ್ಲಿ ಮೊದಲು ಕಂಡದ್ದು ತನ್ನ ಗಡ್ಡ ಬೆಳೆದ ಮುಖ ಎಂದು ಗೌರೀಶ ಎಷ್ಟೋ ಹೊತ್ತು ಅಲುಗಾಡದೆ ಬಗ್ಗಿಯೇ ಕೂತಿದ್ದ. ಅದು ತೆವಳಿಕೊಂಡು ಬಂದು ಅವನ ಹಿಮ್ಮಡಿಗೆ ತಲೆಯಿಟ್ಟು ಮಲಗುವಾಗ ಅವನಿಗೆ ಕಾಲು ಜೋಮು ಹಿಡಿದರೂ ಎತ್ತಲು ಮನಸ್ಸಾಗುತ್ತಿರಲಿಲ್ಲ. ಸಂತೋಷ ಇಷ್ಟಾದ ಮೇಲೂ ನಾಚಿಕೆಯಿಲ್ಲದೆ ಬರುತ್ತದಲ್ಲ ಎಂದು ಅವನಿಗೆ ಆಶ್ಚರ್ಯವಾಗುತ್ತಿತ್ತು. ಆ ವಾರದ ಕೊನೆಯಲ್ಲಿ ಅದೂ ಹಾಲು ಬಿಟ್ಟಿತು. ಅದನ್ನು ಟವೆಲಿನಲ್ಲಿ ಸುತ್ತಿ, ಹಿತ್ತಿಲ ಪಪ್ಪಾಯಿ ಗಿಡದ ಬುಡದಲ್ಲಿ, ಉಳಿದ ಮೂರರ ಪಕ್ಕದಲ್ಲಿ ಹೂತ.

ಶನಿವಾರಗಳು ಬಂದು ಹೋದವು. ಕೋರ್ಟಿನಿಂದ ನೋಟೀಸು ಬಂತು, ಭೇಟಿಗಳನ್ನು ನಿಲ್ಲಿಸಬೇಕೆಂಬ ಅರ್ಜಿ. ಅವನ ಲಾಯರು, ಇದಕ್ಕೆ ಏನಂತ ಉತ್ತರ ಬರೆಯೋಣ ಎಂದು ಕೇಳಿದರೆ ಗೌರೀಶ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಒಂದು ತಿಂಗಳಾದ ಮೇಲೆ ರಾಮಾಂಜಿನಪ್ಪನವರ ಫೋನು ಬಂತು. “ಪುಟ್ಟಿಗೆ ಕೊನೇ ಇಂಜೆಕ್ಸನ್ ಇವತ್ತು ಆಯ್ತು. ಏನೂ ತೊಂದ್ರೆ ಇಲ್ವಂತೆ” ಎಂದರು. ದನಿ ಒಣಗಿತ್ತು. “ತಿಳಿಸ್ಬೇಕು ಅನ್ನಿಸ್ತು, ತಿಳಿಸ್ದೆ. ಬಿಂದುಗೆ ಗೊತ್ತಿಲ್ಲ.” ಗೌರೀಶ ಥ್ಯಾಂಕ್ಸ್ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, “ತಡಿ, ಮಗು ಏನೋ ಕೇಳ್ಬೇಕಂತೆ” ಎಂದರು.

ಫೋನು ಕೈ ಬದಲಾಯಿತು.

“ಮರಿಗಳು ಹೆಂಗಿದಾವೆ?”

ಚೆನ್ನಾಗಿದಾವೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿದರೆ ಅವಳು ನೋಡಬೇಕೆಂದು ಹಟ ಹಿಡಿಯುತ್ತಾಳೆ, ತಾತ ಕರಗುತ್ತಾರೆ, ಇನ್ನೊಂದು ಶನಿವಾರ ಹುಟ್ಟುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಮರಿಗಳಿಗೇನು ಬರವೆ, ಮೂರು ಕಾಲು ಬಿಳಿಯದು ಹುಡುಕಿದರೆ ಸಿಕ್ಕೀತು.

“ಇಲ್ಲ ಯಶು” ಎಂದ. “ಒಂದೂ ಉಳೀಲಿಲ್ಲ.”

ಆ ಮನೆಯ ಕುಕ್ಕರು ಕೂಗುವುದು ಕೇಳಿಸಿತು.

“ಹಾಲು ಕೊಟ್ಯಾ?”

“ಕೊಟ್ಟೆ.”

“ಎಲ್ಲಕ್ಕೂ?”

“ಎಲ್ಲಕ್ಕೂ ಕೊಟ್ಟೆ.”

ಅವಳು ಫೋನು ಇಡಲಿಲ್ಲ. ಅವನೂ ಇಡಲಿಲ್ಲ. ಅಳುತ್ತಿದ್ದಾಳೋ ಇಲ್ಲವೋ ತಿಳಿಯುವಂತಿರಲಿಲ್ಲ, ಮೂಗಿನ ಉಸಿರು ಮಾತ್ರ ಒಂದೇ ಸಮನೆ ಬರುತ್ತಿತ್ತು, ಅವನು ಅದನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತಿದ್ದ. ಆಗ ದೂರದಿಂದ, ಅಡಿಗೆಮನೆಯ ಕಡೆಯಿಂದ ಇರಬೇಕು, ಬಿಂದುವಿನ ದನಿ ಬಂತು:

“ಯಾರೇ ಅದು ಫೋನಲ್ಲಿ?”

“ಯಾರೂ ಇಲ್ಲಮ್ಮ” ಎಂದಳು ಮಗಳು. ಫೋನು ಆರಿತು.